ಈಮ್ (ಡರ್ಬಿಶೈರ್)

ಈಮ್ ಇಂಗ್ಲೆಂಡಿನ ಡರ್ಬಿಶೈರ್ ಕೌಂಟಿಯಲ್ಲಿರುವ ಒಂದು ಸಣ್ಣ ಹಳ್ಳಿ ಹಾಗೂ ಪ್ಯಾರಿಷ್. ಇದು ಡರ್ಬಿಶೈರ್ ಡೇಲ್ಸ್ ಜಿಲ್ಲೆಗೆ ಸೇರಿದ್ದು, ಪೀಕ್ ಡಿಸ್ಟ್ರಿಕ್ಟ್ ರಾಷ್ಟ್ರೀಯ ಉದ್ಯಾನದ ಒಳಗಿದೆ. 2011ರ ಜನಗಣತಿಯಂತೆ ಇಲ್ಲಿನ ಜನಸಂಖ್ಯೆ 969. ಸೀಸದ ಗಣಿಗಾರಿಕೆ ಮತ್ತು ಬೇಸಾಯವನ್ನು ನಂಬಿ ಬದುಕಿದ್ದ ಈ ಹಳ್ಳಿ, 1665–66ರ ಪ್ಲೇಗ್ ಪಿಡುಗಿನ ಕಾಲದಲ್ಲಿ ರೋಗವು ಸುತ್ತಲಿನ ಊರುಗಳಿಗೆ ಹಬ್ಬದಂತೆ ತನ್ನ ಗಡಿಗಳನ್ನು ತಾನೇ ಮುಚ್ಚಿಕೊಂಡ ಕಾರಣದಿಂದ ಪ್ರಸಿದ್ಧವಾಗಿದೆ. ಹದಿನಾಲ್ಕು ತಿಂಗಳ ಅವಧಿಯಲ್ಲಿ ಇಲ್ಲಿ ಸುಮಾರು 260 ಮಂದಿ ಮರಣ ಹೊಂದಿದರು. ಇಂಗ್ಲೆಂಡಿನಲ್ಲಿ ಇದನ್ನು 'ಪ್ಲೇಗ್ ಹಳ್ಳಿ' ಎಂದೇ ಕರೆಯುವುದುಂಟು.

ಹೆಸರು

ಊರಿನ ಹೆಸರನ್ನು ಸ್ಥಳೀಯರು 'ಈಮ್' ಎಂದು ಒಂದೇ ಉಚ್ಚಾರಾಂಶದಲ್ಲಿ ಹೇಳುತ್ತಾರೆ. 1086ರ ಡೂಮ್ಸ್‌ಡೇ ಗ್ರಂಥದಲ್ಲಿ ಇದು 'ಐಯೂನ್' ಎಂಬ ರೂಪದಲ್ಲಿ ದಾಖಲಾಗಿದೆ. ದ್ವೀಪ ಎಂಬ ಅರ್ಥದ ಹಳೆಯ ಇಂಗ್ಲಿಷ್ ಪದದಿಂದ ಈ ಹೆಸರು ಬಂದಿದೆಯೆಂದು ಸ್ಥಳನಾಮ ವಿದ್ವಾಂಸರು ಹೇಳುತ್ತಾರೆ. ಸಮುದ್ರದಿಂದ ದೂರವಿರುವ ಊರಿಗೆ ದ್ವೀಪದ ಹೆಸರೇಕೆ ಎಂಬ ಪ್ರಶ್ನೆಗೆ ಎರಡು ವಿವರಣೆಗಳಿವೆ. ಬಂಜರು ಬಯಲುಗಳ ನಡುವೆ ಉಳುಮೆಗೆ ಯೋಗ್ಯವಾದ ಒಂದು ತುಂಡು ನೆಲವಿದ್ದುದರಿಂದ ಹಾಗೆ ಕರೆದರೆಂಬುದು ಒಂದು; ಊರು ಎರಡು ತೊರೆಗಳ ನಡುವೆ ಇದ್ದುದರಿಂದ ಎಂಬುದು ಇನ್ನೊಂದು.

ಭೌಗೋಳಿಕ ಹಿನ್ನೆಲೆ

ಈಮ್ ಹಳ್ಳಿಯು ಶೆಫೀಲ್ಡ್ ನಗರದ ನೈರುತ್ಯಕ್ಕೆ, ಈಮ್ ಎಡ್ಜ್ ಎಂಬ ಕಡಿದಾದ ದಿಬ್ಬದ ದಕ್ಷಿಣದ ಇಳಿಜಾರಿನಲ್ಲಿದೆ. ಊರಿನ ದಕ್ಷಿಣಕ್ಕೆ ಸುಣ್ಣಕಲ್ಲಿನ ನೆಲವೂ ಉತ್ತರಕ್ಕೆ ಒರಟು ಮರಳುಗಲ್ಲಿನ ನೆಲವೂ ಇವೆ. ಸುಣ್ಣಕಲ್ಲಿನ ಬಿರುಕುಗಳಲ್ಲಿ ಸೀಸದ ಅದಿರು ದೊರೆಯುತ್ತಿತ್ತು. ಮರಳುಗಲ್ಲಿನ ಎತ್ತರದ ಬಯಲು ಬೇಸಾಯಕ್ಕೆ ಒಗ್ಗದಿದ್ದರೂ ಕುರಿ ಮೇಯಿಸಲು ಅನುಕೂಲವಾಗಿತ್ತು. ಇವೆರಡೂ ಕೂಡುವ ಕಡೆ ನೀರಿನ ಊಟೆಗಳು ಹುಟ್ಟುತ್ತವೆ. ಹೀಗೆ ನೀರು, ಹುಲ್ಲುಗಾವಲು ಮತ್ತು ಅದಿರು ಮೂರೂ ಒಂದೆಡೆ ದೊರೆತುದು ಇಲ್ಲಿ ಜನವಸತಿ ನೆಲೆಗೊಳ್ಳಲು ಕಾರಣವಾಯಿತು.

ನೆರೆಯ ಹಳ್ಳಿಯಾದ ಸ್ಟೋನಿ ಮಿಡಲ್‌ಟನ್ ಕೆಳಗಿನ ಕಣಿವೆಯಲ್ಲಿದೆ. ಊರಿನ ಪಕ್ಕದಲ್ಲೇ ಕುಕ್ಲೆಟ್ ಡೆಲ್ಫ್ ಎಂಬ, ಬಂಡೆಗಳಿಂದ ಸುತ್ತುವರಿದ ಹಸಿರು ತಗ್ಗು ಇದೆ. ಈ ಎರಡು ಸ್ಥಳಗಳಿಗೂ ಹಳ್ಳಿಯ ಇತಿಹಾಸದಲ್ಲಿ ಮುಖ್ಯ ಸ್ಥಾನವಿದೆ.

ಪ್ರಾಚೀನ ಇತಿಹಾಸ

ಊರಿನ ಮೇಲಣ ಈಮ್ ಮೂರ್ ಎಂಬ ಬಯಲಿನಲ್ಲಿ ಕಂಚಿನ ಯುಗದ ಸಮಾಧಿ ದಿಬ್ಬಗಳೂ ಕಲ್ಲಿನ ವೃತ್ತಗಳೂ ಇವೆ. ಅವುಗಳಲ್ಲಿ ವೆಟ್ ವಿಥೆನ್ಸ್ ಎಂಬ ವೃತ್ತವು ಸುಮಾರು 30 ಮೀಟರ್ ವ್ಯಾಸವುಳ್ಳದ್ದು. ರೋಮನ್ನರು ಬ್ರಿಟನ್ನನ್ನು ಆಳುತ್ತಿದ್ದಾಗ ಡರ್ಬಿಶೈರಿನ ಈ ಭಾಗದಲ್ಲಿ ಸೀಸವನ್ನು ತೆಗೆಯಲಾಗುತ್ತಿತ್ತು. ಆದರೆ ಈಗಿನ ಹಳ್ಳಿಯ ಬುಡವನ್ನು ಹಾಕಿದವರು ಆಂಗ್ಲೋ-ಸ್ಯಾಕ್ಸನ್ನರು.

ಆ ಕಾಲದ ಮುಖ್ಯ ಕುರುಹೆಂದರೆ ಚರ್ಚಿನ ಅಂಗಳದಲ್ಲಿರುವ ಕಲ್ಲಿನ ಶಿಲುಬೆ. ಇದು ಮರ್ಸಿಯಾ ರಾಜ್ಯದ ಶೈಲಿಯದು. ಸುಮಾರು 8ನೆಯ ಶತಮಾನಕ್ಕೆ ಸೇರಿದ್ದೆಂದು ಭಾವಿಸಲಾಗಿದೆ. ಬಳ್ಳಿಸುರುಳಿಗಳು, ದೇವದೂತರು ಮತ್ತು ಮಗುವನ್ನು ಹೊತ್ತ ಮೇರಿಯ ಉಬ್ಬುಚಿತ್ರಗಳು ಇದರ ಮೇಲಿವೆ. ಕಂಬದ ಒಂದು ಭಾಗ ಕಳೆದುಹೋಗಿದ್ದರೂ ಶಿಲುಬೆಯ ತಲೆ ಹಾಗೆಯೇ ಉಳಿದಿರುವುದು ವಿಶೇಷ. ಇಂಗ್ಲೆಂಡಿನ ಇಂತಹ ಬಹುಪಾಲು ಶಿಲುಬೆಗಳು ತಲೆಯನ್ನು ಕಳೆದುಕೊಂಡಿವೆ. ಸೆರೆಮನೆಗಳ ಸುಧಾರಕನಾದ ಜಾನ್ ಹೊವರ್ಡ್ 18ನೆಯ ಶತಮಾನದ ಕೊನೆಯಲ್ಲಿ ಪ್ಲೇಗಿನ ವಿಷಯ ತಿಳಿಯಲೆಂದು ಈ ಊರಿಗೆ ಬಂದಾಗ, ಅಂಗಳದ ಮೂಲೆಯಲ್ಲಿ ಕಳೆಗಿಡಗಳ ನಡುವೆ ಬಿದ್ದಿದ್ದ ಶಿಲುಬೆಯ ತಲೆಯನ್ನು ಕಂಡು ಅದರ ಬೆಲೆಯನ್ನು ಊರವರಿಗೆ ಮನಗಾಣಿಸಿದನೆಂದು ಸ್ಥಳೀಯ ಇತಿಹಾಸಕಾರರು ಬರೆದಿದ್ದಾರೆ.

ಪ್ಯಾರಿಷ್ ಮತ್ತು ಚರ್ಚು

ಪ್ಯಾರಿಷ್ ಎಂಬುದು ಮೂಲತಃ ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಪ್ರದೇಶ. ಅಲ್ಲಿನ ಜನರು ತಮ್ಮ ಉತ್ಪನ್ನದ ಹತ್ತನೆಯ ಒಂದು ಭಾಗವನ್ನು ಚರ್ಚಿಗೆ ಸಲ್ಲಿಸಬೇಕಾಗಿತ್ತು. ಆ ಪೂರ್ಣ ಆದಾಯಕ್ಕೆ ಹಕ್ಕುದಾರನಾದ ಪಾದ್ರಿಗೆ ರೆಕ್ಟರ್ ಎಂದು ಹೆಸರು. ಕಾಲಕ್ರಮದಲ್ಲಿ ಪ್ಯಾರಿಷ್ ಲೌಕಿಕ ಆಡಳಿತದ ಘಟಕವೂ ಆಯಿತು. 1538ರಿಂದ ಪ್ರತಿ ಪ್ಯಾರಿಷ್ ತನ್ನಲ್ಲಿ ನಡೆದ ನಾಮಕರಣ, ಮದುವೆ ಮತ್ತು ಶವಸಂಸ್ಕಾರಗಳ ದಾಖಲೆ ಇಡಬೇಕೆಂಬ ಆಜ್ಞೆ ಹೊರಟಿತು. 1601ರ ಕಾನೂನು ಬಡವರ ಪಾಲನೆಯ ಹೊಣೆಯನ್ನೂ ಪ್ಯಾರಿಷ್‌ಗೆ ವಹಿಸಿತು. 1894ರ ಸ್ಥಳೀಯ ಆಡಳಿತ ಕಾಯಿದೆಯು ಲೌಕಿಕ ಕೆಲಸಗಳನ್ನು ಚುನಾಯಿತ ಪ್ಯಾರಿಷ್ ಕೌನ್ಸಿಲ್‌ಗಳಿಗೆ ಬಿಟ್ಟುಕೊಟ್ಟಿತು. ಹಳೆಯ ಈಮ್ ಪ್ಯಾರಿಷ್‌ನಲ್ಲಿ ಈಮ್ ಹಳ್ಳಿಯಲ್ಲದೆ ಫೂಲೋ ಮತ್ತು ಈಮ್ ವುಡ್‌ಲ್ಯಾಂಡ್ಸ್ ಎಂಬ ವಸತಿಗಳೂ ಸೇರಿದ್ದವು.

ಪ್ಯಾರಿಷ್ ಚರ್ಚು ಸಂತ ಲಾರೆನ್ಸನ ಹೆಸರಿನಲ್ಲಿದೆ; ಹಿಂದೆ ಇದು ಸಂತ ಹೆಲೆನಳ ಹೆಸರಿನಲ್ಲಿತ್ತು. ಕಟ್ಟಡದ ಬಹುಭಾಗ ಮಧ್ಯಯುಗದ ಕೊನೆಯದು; 19ನೆಯ ಶತಮಾನದಲ್ಲಿ ದೊಡ್ಡ ಪ್ರಮಾಣದ ಜೀರ್ಣೋದ್ಧಾರ ನಡೆಯಿತು. ಗೋಡೆಯ ಮೇಲೆ ಹಳೆಯ ವರ್ಣಚಿತ್ರಗಳ ಭಾಗಗಳಿವೆ. ಹೊರಗೋಡೆಯಲ್ಲಿ 1775ರ ದೊಡ್ಡ ನೆರಳುಗಡಿಯಾರವಿದೆ.

ಸೀಸದ ಗಣಿಗಳು

ಹಲವು ಶತಮಾನಗಳ ಕಾಲ ಈಮ್‌ನ ಜೀವನಾಧಾರ ಸೀಸ. ಡರ್ಬಿಶೈರಿನ ಗಣಿ ಪದ್ಧತಿ ಸ್ವಾರಸ್ಯಕರವಾದುದು. ಚರ್ಚಿನ ಅಂಗಳ, ತೋಟ ಮತ್ತು ಹೆದ್ದಾರಿಗಳಂತಹ ಕೆಲವು ಸ್ಥಳಗಳನ್ನು ಬಿಟ್ಟು, ಜಮೀನು ಯಾರದೇ ಇರಲಿ, ಅದಿರನ್ನು ಹುಡುಕುವ ಹಕ್ಕು ಸಾಮಾನ್ಯನಿಗೂ ಇತ್ತು. ಅದಿರು ಸಿಕ್ಕಿದ ಮೇಲೆ ಅವನು ಬಾರ್‌ಮಾಸ್ಟರ್ ಎಂಬ ಅಧಿಕಾರಿಗೆ ಒಂದು ನಿಗದಿತ ಅಳತೆಯ ಅದಿರನ್ನು ಕೊಟ್ಟು ಆ ಪಟ್ಟಿಯನ್ನು ತನ್ನ ಹೆಸರಿಗೆ ಬರೆಸಿಕೊಳ್ಳುತ್ತಿದ್ದ. ಬಳಿಕ ತೆಗೆದ ಅದಿರಿನಲ್ಲಿ ಹದಿಮೂರನೆಯ ಒಂದು ಪಾಲು ಸಾಮಾನ್ಯವಾಗಿ ರಾಜನಿಗೆ ಅಥವಾ ಅವನಿಂದ ಹಕ್ಕು ಪಡೆದವರಿಗೆ ಸಲ್ಲುತ್ತಿತ್ತು. ಗಣಿಯ ವ್ಯಾಜ್ಯಗಳನ್ನು ಬಾರ್‌ಮೋಟ್ ಎಂಬ ಗಣಿಗಾರರ ನ್ಯಾಯಾಲಯವೇ ತೀರ್ಮಾನಿಸುತ್ತಿತ್ತು. ಈಮ್ ಮತ್ತು ಸ್ಟೋನಿ ಮಿಡಲ್‌ಟನ್‌ಗಳಿಗೆ ಸೇರಿದ ಇಂತಹ ಒಂದು ನ್ಯಾಯಾಲಯವಿತ್ತು.

ಸೀಸದ ಮೇಲೂ ರೆಕ್ಟರನಿಗೆ ಪಾಲು ಸಲ್ಲುತ್ತಿದ್ದುದರಿಂದ, ಗಣಿಗಳು ಚೆನ್ನಾಗಿ ನಡೆದ ಕಾಲದಲ್ಲಿ ಈಮ್‌ನ ರೆಕ್ಟರ್ ಹುದ್ದೆ ಬಹಳ ಲಾಭದಾಯಕವಾಗಿತ್ತು. 18ನೆಯ ಶತಮಾನದಲ್ಲಿ ಈಮ್ ಎಡ್ಜ್‌ನ ಆಳದ ಪಟ್ಟಿಗಳು ಗಣಿಗಾರಿಕೆಯನ್ನು ಉಚ್ಛ್ರಾಯ ಸ್ಥಿತಿಗೆ ತಂದವು. ಆಳಕ್ಕೆ ಹೋದಂತೆ ನೀರು ನುಗ್ಗುತ್ತಿದ್ದುದರಿಂದ ಅದನ್ನು ಕಣಿವೆಗೆ ಹರಿಸಲು 'ಸಫ್' ಎಂಬ ಉದ್ದನೆಯ ಸುರಂಗಗಳನ್ನು ಕೊರೆಯಲಾಯಿತು. 19ನೆಯ ಶತಮಾನದಲ್ಲಿ ವಿದೇಶದ ಅಗ್ಗದ ಸೀಸ ಮಾರುಕಟ್ಟೆಗೆ ಬಂದ ಮೇಲೆ ಈ ಉದ್ಯಮ ಕುಸಿಯಿತು.

1665–66ರ ಪ್ಲೇಗ್

ಹಿನ್ನೆಲೆ: ಒಂದು ಹಳ್ಳಿ, ಇಬ್ಬರು ಪಾದ್ರಿಗಳು

17ನೆಯ ಶತಮಾನದ ಮಧ್ಯಭಾಗದ ಅಂತರ್ಯುದ್ಧ ಇಂಗ್ಲೆಂಡಿನ ಪ್ರತಿ ಹಳ್ಳಿಯನ್ನೂ ಮತಪಂಥದ ವಿಷಯದಲ್ಲಿ ಒಡೆದಿತ್ತು. ಈಮ್‌ನಲ್ಲಿಯೂ ಹಾಗೆಯೇ ಆಯಿತು. ರಾಜನ ಪಕ್ಷದವನಾದ ರೆಕ್ಟರ್ ಶೆರ್‌ಲ್ಯಾಂಡ್ ಆಡಮ್ಸ್‌ನನ್ನು ಪಾರ್ಲಿಮೆಂಟಿನ ಪಕ್ಷದವರು ತೆಗೆದುಹಾಕಿದರು. 1644ರಲ್ಲಿ ಪ್ಯೂರಿಟನ್ ಪಂಥದ ಥಾಮಸ್ ಸ್ಟ್ಯಾನ್ಲಿ ಆ ಸ್ಥಾನಕ್ಕೆ ಬಂದು ಜನರ ವಿಶ್ವಾಸ ಗಳಿಸಿದ. 1660ರಲ್ಲಿ ರಾಜಪ್ರಭುತ್ವ ಮರಳಿದಾಗ ಆಡಮ್ಸ್ ಮತ್ತೆ ರೆಕ್ಟರನಾದ. 1662ರ ಏಕರೂಪತೆಯ ಕಾಯಿದೆಯನ್ನು ಒಪ್ಪದ ಸ್ಟ್ಯಾನ್ಲಿ ಚರ್ಚಿನ ಸೇವೆಯಿಂದ ಪೂರ್ಣವಾಗಿ ಹೊರಬಿದ್ದ. ಆಡಮ್ಸ್‌ನ ನಂತರ, 1664ರಲ್ಲಿ, ವಿಲಿಯಂ ಮಾಂಪೆಸನ್ ಎಂಬ ತರುಣ ಪಾದ್ರಿ ಹೆಂಡತಿ ಕ್ಯಾಥರೀನ್ ಮತ್ತು ಇಬ್ಬರು ಮಕ್ಕಳೊಂದಿಗೆ ಈಮ್‌ಗೆ ಬಂದ. ಊರಿಗೆ ಹೊಸಬನಾದ ಅವನ ಮಾತಿಗಿಂತ ಪದಚ್ಯುತನಾದ ಸ್ಟ್ಯಾನ್ಲಿಯ ಮಾತಿಗೆ ಹಲವರು ಹೆಚ್ಚು ಬೆಲೆ ಕೊಡುತ್ತಿದ್ದರು. ಮುಂದೆ ನಡೆದುದನ್ನು ಅರಿಯಲು ಈ ಹಿನ್ನೆಲೆ ಅಗತ್ಯ.

ರೋಗದ ಪ್ರವೇಶ

1665ರ ಬೇಸಗೆಯಲ್ಲಿ ಲಂಡನ್ ನಗರ 'ಮಹಾ ಪ್ಲೇಗ್'ಗೆ ತುತ್ತಾಗಿತ್ತು. ಆಗಸ್ಟ್ ಕೊನೆಯಲ್ಲಿ ಈಮ್‌ನ ದರ್ಜಿ ಅಲೆಕ್ಸಾಂಡರ್ ಹ್ಯಾಡ್‌ಫೀಲ್ಡ್‌ನ ಮನೆಗೆ ಲಂಡನ್ನಿನಿಂದ ಬಟ್ಟೆಯ ಗಂಟೊಂದು ಬಂದಿತು. ಒದ್ದೆಯಾಗಿದ್ದ ಬಟ್ಟೆಯನ್ನು ದರ್ಜಿಯ ಸಹಾಯಕ ಜಾರ್ಜ್ ವಿಕರ್ಸ್ ಒಲೆಯ ಮುಂದೆ ಹರವಿದನೆಂದೂ, ಅದರಲ್ಲಿದ್ದ ಚಿಗಟಗಳಿಂದ ಅವನಿಗೆ ರೋಗ ತಗುಲಿತೆಂದೂ ಪರಂಪರೆಯ ಹೇಳಿಕೆಯಿದೆ. 1665ರ ಸೆಪ್ಟೆಂಬರ್ 7ರಂದು ವಿಕರ್ಸ್‌ನ ಶವಸಂಸ್ಕಾರ ನಡೆದುದು ಪ್ಯಾರಿಷ್ ದಾಖಲೆಯಲ್ಲಿದೆ. ಅದೇ ತಿಂಗಳು ಆ ಮನೆಯಲ್ಲೂ ನೆರೆಹೊರೆಯಲ್ಲೂ ಇನ್ನಷ್ಟು ಸಾವುಗಳಾದವು. ಅಕ್ಟೋಬರ್‌ನಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಚಳಿಗಾಲದಲ್ಲಿ ಸಾವಿನ ಸಂಖ್ಯೆ ಇಳಿಯಿತು. ಮೇ ತಿಂಗಳಲ್ಲಿ ಕೆಲವೇ ಸಾವುಗಳಾದಾಗ ಪಿಡುಗು ತೊಲಗಿತೆಂದೇ ಜನ ನಂಬಿದರು. ಆದರೆ 1666ರ ಜೂನ್‌ನಲ್ಲಿ ಅದು ಮತ್ತೆ ತಲೆಯೆತ್ತಿತು.

ಪ್ಲೇಗ್ ಹೇಗೆ ಹರಡುತ್ತದೆಂಬುದು ಆಗ ಯಾರಿಗೂ ತಿಳಿದಿರಲಿಲ್ಲ. ಕೆಟ್ಟ ಗಾಳಿ ಅಥವಾ ದೇವರ ಶಿಕ್ಷೆ ಇದಕ್ಕೆ ಕಾರಣವೆಂದು ಭಾವಿಸಲಾಗಿತ್ತು. ರೋಗಾಣುವನ್ನು ಅಲೆಕ್ಸಾಂಡರ್ ಯೆರ್ಸಿನ್ 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಗುರುತಿಸಿದ. ಇಲಿಯಿಂದ ಚಿಗಟದ ಮೂಲಕ ರೋಗ ದಾಟುವುದನ್ನು ಪಾಲ್-ಲೂಯಿ ಸಿಮೋನ್ 1898ರಲ್ಲಿ ಅಂದಿನ ಭಾರತದ ಕರಾಚಿಯಲ್ಲಿ ತೋರಿಸಿದ. ಬೆಂಗಳೂರು ಮತ್ತು ಮೈಸೂರುಗಳನ್ನು ಪ್ಲೇಗ್ ಕಾಡಿದ್ದೂ ಅದೇ ವರ್ಷ.

ಮೂರು ನಿರ್ಧಾರಗಳು

ಜೂನ್ ತಿಂಗಳಲ್ಲಿ ಮಾಂಪೆಸನ್ ಮತ್ತು ಸ್ಟ್ಯಾನ್ಲಿ ತಮ್ಮ ಪಂಥಭೇದವನ್ನು ಬದಿಗಿಟ್ಟು ಒಂದಾದರು. ಅವರ ಮುಂದಾಳುತನದಲ್ಲಿ ಊರು ಮೂರು ನಿರ್ಧಾರಗಳನ್ನು ಕೈಗೊಂಡಿತು.

• ಸತ್ತವರನ್ನು ಚರ್ಚಿನ ಅಂಗಳಕ್ಕೆ ತರದೆ, ಆಯಾ ಕುಟುಂಬದವರೇ ತಮ್ಮ ಹಿತ್ತಿಲು ಅಥವಾ ಹೊಲಗಳಲ್ಲಿ ಹೂಳುವುದು.
• ಚರ್ಚನ್ನು ಮುಚ್ಚಿ, ಕುಕ್ಲೆಟ್ ಡೆಲ್ಫ್‌ನ ಬಯಲಿನಲ್ಲಿ ಕುಟುಂಬಗಳು ದೂರ ದೂರ ನಿಂತು ಪ್ರಾರ್ಥನೆ ಸಲ್ಲಿಸುವುದು.
• ಊರಿನ ಸುತ್ತ ಗೊತ್ತುಪಡಿಸಿದ ಗಡಿಯನ್ನು ಯಾರೂ ದಾಟದಿರುವುದು.

ಮೂರನೆಯ ನಿರ್ಧಾರದ ಅರ್ಥ ಊರವರಿಗೆ ತಿಳಿಯದೆ ಇರಲಿಲ್ಲ. ಹೊರಟುಹೋದರೆ ಬದುಕುವ ಸಾಧ್ಯತೆಯಾದರೂ ಇತ್ತು. ಉಳಿದರೆ ಮನೆಯಲ್ಲೇ ಸಾವನ್ನು ಕಾಯಬೇಕಾಗಿತ್ತು. ಸ್ಥಿತಿವಂತರಾದ ಕೆಲವರು ಅದಕ್ಕೆ ಮೊದಲೇ ಊರು ಬಿಟ್ಟಿದ್ದರು. ಮಾಂಪೆಸನ್ ತನ್ನ ಮಕ್ಕಳನ್ನು ಯಾರ್ಕ್‌ಶೈರ್‌ಗೆ ಕಳುಹಿಸಿದ್ದ. ಕ್ಯಾಥರೀನ್ ಗಂಡನನ್ನು ಬಿಟ್ಟು ಹೋಗಲು ಒಪ್ಪಲಿಲ್ಲ. ಹೋಗಲು ಬೇರೆ ಊರಾಗಲಿ ಕೈಯಲ್ಲಿ ಹಣವಾಗಲಿ ಇಲ್ಲದ ಗಣಿಗಾರರು, ಕೂಲಿಕಾರರು ಮತ್ತು ಸಣ್ಣ ರೈತರೇ ಊರಿನಲ್ಲಿ ಉಳಿದವರಲ್ಲಿ ಹೆಚ್ಚಿನವರು.

ಗಡಿಯ ವ್ಯವಹಾರ

ಮುಚ್ಚಿಕೊಂಡ ಊರಿಗೆ ಆಹಾರ ಬೇಕಿತ್ತು. ಚಾಟ್ಸ್‌ವರ್ತ್‌ನ ಡೆವನ್‌ಶೈರ್ ಅರ್ಲ್ ಸಾಮಗ್ರಿಗಳನ್ನು ಕಳುಹಿಸಿಕೊಟ್ಟ. ನೆರೆಯ ಹಳ್ಳಿಗಳವರು ಧಾನ್ಯ, ರೊಟ್ಟಿ ಮತ್ತು ಔಷಧಿಗಳನ್ನು ಗಡಿಯಲ್ಲಿಟ್ಟು ಹಿಂದಿರುಗುತ್ತಿದ್ದರು. ಅವರು ದೂರ ಹೋದ ಮೇಲೆ ಈಮ್‌ನವರು ಬಂದು ಕೊಂಡೊಯ್ಯುತ್ತಿದ್ದರು. ಸ್ಟೋನಿ ಮಿಡಲ್‌ಟನ್ ಕಡೆಯ ಗಡಿಕಲ್ಲಿನಲ್ಲಿ ಕೊರೆದ ಆರು ಕುಳಿಗಳಿವೆ. ಬೆಲೆಯಾಗಿ ಕೊಡುವ ನಾಣ್ಯಗಳನ್ನು ವಿನಿಗರ್ ತುಂಬಿದ ಈ ಕುಳಿಗಳಲ್ಲಿ ಹಾಕುತ್ತಿದ್ದರು. ವಿನಿಗರ್ ಸೋಂಕನ್ನು ಕಳೆಯುತ್ತದೆಂಬ ನಂಬಿಕೆ ಆಗ ಇತ್ತು. ಉತ್ತರ ದಿಕ್ಕಿನಲ್ಲಿ, ಗ್ರಿಂಡಲ್‌ಫೋರ್ಡ್ ಕಡೆಗೆ ಹೋಗುವ ದಾರಿಯಲ್ಲಿರುವ ಊಟೆಯೊಂದು ಇಂತಹುದೇ ಇನ್ನೊಂದು ಸ್ಥಳ. ಹರಿಯುವ ನೀರಿನಲ್ಲಿ ನಾಣ್ಯಗಳನ್ನು ಬಿಡುತ್ತಿದ್ದ ಆ ಊಟೆಗೆ ಈಗ 'ಮಾಂಪೆಸನ್ ಬಾವಿ' ಎಂಬ ಹೆಸರಿದೆ.

ಸಾವಿನ ತಿಂಗಳುಗಳು

1666ರ ಜುಲೈನಲ್ಲಿ ಐವತ್ತಕ್ಕೂ ಹೆಚ್ಚು, ಆಗಸ್ಟ್‌ನಲ್ಲಿ ಎಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಊರಿನಿಂದ ಸ್ವಲ್ಪ ದೂರದ ರೈಲಿ ಎಂಬಲ್ಲಿ ವಾಸವಾಗಿದ್ದ ಎಲಿಜಬೆತ್ ಹ್ಯಾನ್‌ಕಾಕ್, ಆ ಆಗಸ್ಟ್ 3ರಿಂದ 10ರವರೆಗಿನ ಎಂಟು ದಿನಗಳಲ್ಲಿ ಗಂಡನನ್ನೂ ಆರು ಮಕ್ಕಳನ್ನೂ ಕಳೆದುಕೊಂಡಳು. ಸಹಾಯಕ್ಕೆ ಬರುವವರಿಲ್ಲದೆ ಏಳು ಶವಗಳನ್ನೂ ತಾನೇ ಎಳೆದೊಯ್ದು ಹೊಲದಲ್ಲಿ ಹೂಳಿದಳು. ಆಕೆಗೆ ರೋಗ ತಗುಲಲಿಲ್ಲ. ಪಿಡುಗಿನ ನಂತರ ಆಕೆ ಶೆಫೀಲ್ಡ್‌ನಲ್ಲಿ ಕೆಲಸ ಕಲಿಯುತ್ತಿದ್ದ, ಬದುಕುಳಿದಿದ್ದ ಮಗನ ಬಳಿಗೆ ಹೋದಳು. ಈ ಸಮಾಧಿಗಳು 'ರೈಲಿ ಗ್ರೇವ್ಸ್' ಎಂಬ ಹೆಸರಿನಲ್ಲಿ ಇಂದಿಗೂ ಇವೆ; ನ್ಯಾಷನಲ್ ಟ್ರಸ್ಟ್ ಅವುಗಳನ್ನು ನೋಡಿಕೊಳ್ಳುತ್ತಿದೆ.

ಮನೆಯಲ್ಲಿ ಹೂಳಲು ಯಾರೂ ಉಳಿಯದಿದ್ದಾಗ ಆ ಕೆಲಸವನ್ನು ಮಾರ್ಷಲ್ ಹೊವ್ ಎಂಬಾತ ವಹಿಸಿಕೊಳ್ಳುತ್ತಿದ್ದ. ಅವನಿಗೆ ಮೊದಲೇ ರೋಗ ಬಂದು ವಾಸಿಯಾಗಿತ್ತು. ಆದ್ದರಿಂದ ಮತ್ತೆ ಬಾರದೆಂದು ಅವನು ನಂಬಿದ್ದ. ಸತ್ತವರ ಮನೆಯ ಸಾಮಾನುಗಳೇ ಅವನಿಗೆ ಕೂಲಿ. ಆದರೆ ಅವನ ಹೆಂಡತಿಯೂ ಮಗನೂ ಪ್ಲೇಗಿಗೆ ಬಲಿಯಾದರು.

ಆಗಸ್ಟ್ 25ರಂದು ಕ್ಯಾಥರೀನ್ ಮಾಂಪೆಸನ್ ತೀರಿಕೊಂಡಳು. ಆಕೆಯ ಸಮಾಧಿ ಚರ್ಚಿನ ಅಂಗಳದಲ್ಲಿ ಸ್ಯಾಕ್ಸನ್ ಶಿಲುಬೆಯ ಸಮೀಪದಲ್ಲಿದೆ. ಮಾಂಪೆಸನ್ ಆ ದಿನಗಳಲ್ಲಿ ಬರೆದ ಮೂರು ಪತ್ರಗಳು ಉಳಿದುಬಂದಿವೆ. ಒಂದರಲ್ಲಿ ಅವನು ಮಕ್ಕಳಿಗೆ ತಾಯಿಯ ಸಾವನ್ನು ತಿಳಿಸಿದ್ದಾನೆ. ತನ್ನ ಆಶ್ರಯದಾತ ಸರ್ ಜಾರ್ಜ್ ಸ್ಯಾವಿಲ್‌ಗೆ ಬರೆದ ಇನ್ನೊಂದು ಪತ್ರದಲ್ಲಿ ತಾನೂ ಸಾಯುವೆನೆಂದೇ ಭಾವಿಸಿ ಮಕ್ಕಳನ್ನು ಅವನ ಆರೈಕೆಗೆ ಒಪ್ಪಿಸಿದ್ದಾನೆ. ನವೆಂಬರ್ ತಿಂಗಳ ಮೂರನೆಯ ಪತ್ರದಲ್ಲಿ ಊರಿನ 76 ಕುಟುಂಬಗಳಿಗೆ ರೋಗ ತಗುಲಿ 259 ಮಂದಿ ಸತ್ತರೆಂಬ ಲೆಕ್ಕವನ್ನು ಕೊಟ್ಟಿದ್ದಾನೆ.

ಕೊನೆಯ ಸಾವು 1666ರ ನವೆಂಬರ್ 1ರದೆಂದು ಹೇಳಲಾಗುತ್ತದೆ. ಅನಂತರ ಸೋಂಕಿತ ಬಟ್ಟೆಬರೆ ಮತ್ತು ಹಾಸಿಗೆಗಳನ್ನು ಸುಡಲಾಯಿತು.

ಎಷ್ಟು ಮಂದಿ ಸತ್ತರು?

ಸತ್ತವರ ಸಂಖ್ಯೆಯನ್ನು 257ರಿಂದ 273ರವರೆಗೆ ಬೇರೆ ಬೇರೆಯಾಗಿ ಹೇಳಲಾಗಿದೆ. ಈಗ ಉಳಿದಿರುವ ಪ್ಯಾರಿಷ್ ದಾಖಲೆ ಮೂಲ ಪುಸ್ತಕವಲ್ಲ, 18ನೆಯ ಶತಮಾನದ ಆರಂಭದ ನಕಲು ಪ್ರತಿ. ಪ್ಲೇಗಿನಿಂದ ಸತ್ತವರನ್ನೂ ಇತರ ಕಾರಣಗಳಿಂದ ಸತ್ತವರನ್ನೂ ಬೇರ್ಪಡಿಸುವುದು ಕೆಲವೆಡೆ ಕಷ್ಟ. ಊರಿನ ಒಟ್ಟು ಜನಸಂಖ್ಯೆಯ ಬಗ್ಗೆ ಇನ್ನೂ ದೊಡ್ಡ ಭಿನ್ನಾಭಿಪ್ರಾಯವಿದೆ. ಹಳೆಯ ಬರಹಗಳು 350 ಜನರಲ್ಲಿ 260 ಮಂದಿ ಸತ್ತರೆನ್ನುತ್ತವೆ. ಅಂದರೆ ನಾಲ್ವರಲ್ಲಿ ಮೂವರು. ಒಲೆಗಳ ಮೇಲೆ ವಿಧಿಸುತ್ತಿದ್ದ ಅಂದಿನ ತೆರಿಗೆಯ ಪಟ್ಟಿಯನ್ನೂ ಚರ್ಚಿನ ದಾಖಲೆಗಳನ್ನೂ ಪರಿಶೀಲಿಸಿದ ಇತ್ತೀಚಿನ ಸಂಶೋಧಕರು ಜನಸಂಖ್ಯೆ 700ರಿಂದ 800ರಷ್ಟಿತ್ತೆಂದು ಅಂದಾಜು ಮಾಡಿದ್ದಾರೆ. ಈ ಲೆಕ್ಕದಂತೆ ಮೂವರಲ್ಲಿ ಒಬ್ಬರು ಸತ್ತರು. ಆ ಪ್ರಮಾಣವೂ ಲಂಡನ್ನಿಗಿಂತ ಹೆಚ್ಚಿನದೇ.

ಪಾದ್ರಿಗಳ ಮುಂದಿನ ಜೀವನ

ಮಾಂಪೆಸನ್ ಕೆಲವು ವರ್ಷಗಳ ಬಳಿಕ ನಾಟಿಂಗ್‌ಹ್ಯಾಮ್‌ಶೈರಿನ ಈಕ್ರಿಂಗ್ ಎಂಬ ಹಳ್ಳಿಗೆ ವರ್ಗವಾದ. ಪ್ಲೇಗಿನ ಊರಿನಿಂದ ಬಂದವನೆಂದು ಅಲ್ಲಿನ ಜನ ಮೊದಲು ಅವನನ್ನು ಊರೊಳಗೆ ಬಿಟ್ಟುಕೊಳ್ಳದೆ, ಹೊರಗಿನ ಗುಡಿಸಲಿನಲ್ಲಿ ಇರಿಸಿದರೆಂಬ ಐತಿಹ್ಯವಿದೆ. ಸ್ಟ್ಯಾನ್ಲಿ 1670ರಲ್ಲಿ ಈಮ್‌ನಲ್ಲಿಯೇ ತೀರಿಕೊಂಡ. ಅಧಿಕೃತ ಚರ್ಚಿಗೆ ಸೇರದವನಾದ ಕಾರಣ ಅವನ ಪಾತ್ರವನ್ನು ನಂತರದ ಹಲವು ಬರಹಗಾರರು ಬಹುಕಾಲ ಕಡೆಗಣಿಸಿದರು. ಈಚಿನ ಇತಿಹಾಸಗಳಲ್ಲಿ ಇಬ್ಬರಿಗೂ ಸಮಾನ ಸ್ಥಾನ ದೊರೆತಿದೆ.

ಇತಿಹಾಸಕಾರರ ಚರ್ಚೆ

ಈಮ್‌ನ ಕಥೆ ಅಚ್ಚಿನಲ್ಲಿ ಮೊದಲು ಕಾಣಿಸಿಕೊಂಡುದು ಘಟನೆಯ ಅರ್ಧ ಶತಮಾನದ ನಂತರ. ಪ್ಲೇಗನ್ನು ತಡೆಯುವ ಬಗೆಯನ್ನು ಕುರಿತು ವೈದ್ಯ ರಿಚರ್ಡ್ ಮೀಡ್ 1720ರ ದಶಕದಲ್ಲಿ ಪ್ರಕಟಿಸಿದ ಪುಸ್ತಕದ ಆವೃತ್ತಿಯೊಂದರಲ್ಲಿ ಇದರ ಪ್ರಸ್ತಾಪವಿದೆ. ಸ್ಥಳೀಯರಾದ ವಿಲಿಯಂ ವುಡ್ 1842ರಲ್ಲಿ ಊರಿನ ಇತಿಹಾಸವನ್ನು ಬರೆದು ಮನೆಮನೆಯ ಐತಿಹ್ಯಗಳನ್ನು ಸಂಗ್ರಹಿಸಿದ. ಇಂದು ಪ್ರಚಲಿತವಾಗಿರುವ ಕಥೆಗಳಲ್ಲಿ ಹೆಚ್ಚಿನವು ಈ ಪುಸ್ತಕದ ಮೂಲಕ ಬಂದವು.

ಆದ್ದರಿಂದ ಐತಿಹ್ಯ ಮತ್ತು ದಾಖಲೆಗಳನ್ನು ಬೇರ್ಪಡಿಸಿ ನೋಡುವುದು ಅಗತ್ಯ. ಎಮಟ್ ಸಿಡಲ್ ಎಂಬ ಈಮ್‌ನ ಹುಡುಗಿಯೂ ಸ್ಟೋನಿ ಮಿಡಲ್‌ಟನ್‌ನ ರೋಲೆಂಡ್ ಟಾರ್ ಎಂಬ ತರುಣನೂ ಗಡಿಯ ಆಚೀಚೆ ನಿಂತು ಮೌನವಾಗಿ ಒಬ್ಬರನ್ನೊಬ್ಬರು ನೋಡುತ್ತಿದ್ದರೆಂಬ ಕಥೆ ಬಹಳ ಜನಪ್ರಿಯ. ದಾಖಲೆಯ ಪ್ರಕಾರ ಎಮಟ್ ಸತ್ತದ್ದು 1666ರ ಏಪ್ರಿಲ್ ಕೊನೆಯಲ್ಲಿ. ಊರಿನ ಗಡಿ ಮುಚ್ಚಿದ್ದು ಜೂನ್‌ನಲ್ಲಿ. ಅವರು ದೂರ ನಿಂತು ಭೇಟಿಯಾಗಿದ್ದರೂ ಅದು ತಾವಾಗಿಯೇ ವಹಿಸಿದ ಎಚ್ಚರಿಕೆಯಾಗಿರಬೇಕೇ ಹೊರತು ದಿಗ್ಬಂಧನದ ಫಲವಲ್ಲ.

ಇತಿಹಾಸಕಾರ ಪ್ಯಾಟ್ರಿಕ್ ವಾಲಿಸ್ 2006ರ ಲೇಖನವೊಂದರಲ್ಲಿ, ತ್ಯಾಗದ ಈ ಕಥನವು 18 ಮತ್ತು 19ನೆಯ ಶತಮಾನಗಳ ಸಾಹಿತ್ಯ, ಧರ್ಮ ಮತ್ತು ಪ್ರವಾಸೋದ್ಯಮಗಳಿಂದ ರೂಪುಗೊಂಡ ಬಗೆಯನ್ನು ವಿವರಿಸಿದ್ದಾನೆ. ಸೋಂಕಿತ ಮನೆಗಳನ್ನು ಮುಚ್ಚುವ ಮತ್ತು ಜನಸಂಚಾರವನ್ನು ತಡೆಯುವ ಸರ್ಕಾರಿ ನಿಯಮಗಳು ಇಂಗ್ಲೆಂಡಿನಲ್ಲಿ ಮೊದಲೇ ಇದ್ದವು ಎಂಬುದನ್ನೂ ನೆನಪಿಡಬೇಕು. ಊರವರು ಎಷ್ಟರಮಟ್ಟಿಗೆ ಸ್ವಇಚ್ಛೆಯಿಂದ ಉಳಿದರು, ಎಷ್ಟರಮಟ್ಟಿಗೆ ಬೇರೆ ದಾರಿಯಿಲ್ಲದೆ ಉಳಿದರು ಎಂಬ ಪ್ರಶ್ನೆ ಚರ್ಚೆಯಲ್ಲಿದೆ. ಜನರನ್ನು ಒಂದೆಡೆ ಕೂಡಿಹಾಕಿದ್ದರಿಂದ ಸಾವು ಹೆಚ್ಚಾಯಿತೆಂದು ವಾದಿಸಿದವರೂ ಇದ್ದಾರೆ. ಏನೇ ಇದ್ದರೂ ಆ ಪಿಡುಗು ಸುತ್ತಲಿನ ಹಳ್ಳಿಗಳಿಗೆ ವ್ಯಾಪಕವಾಗಿ ಹಬ್ಬಲಿಲ್ಲ.

2016ರಲ್ಲಿ ಪ್ರಕಟವಾದ ಒಂದು ಗಣಿತೀಯ ಅಧ್ಯಯನವು ಈಮ್‌ನ ದಾಖಲೆಗಳನ್ನು ಬಳಸಿಕೊಂಡು, ಸೋಂಕುಗಳಲ್ಲಿ ಕಾಲುಭಾಗ ಮಾತ್ರ ಇಲಿಗಳಿಂದ ಬಂದವು, ಉಳಿದ ಮುಕ್ಕಾಲು ಭಾಗ ಮನುಷ್ಯರಿಂದ ಮನುಷ್ಯರಿಗೆ ದಾಟಿದವು ಎಂದು ತೋರಿಸಿತು. ಇದು ಸರಿಯಾದರೆ ಜನಸಂಚಾರ ನಿಲ್ಲಿಸಿದ್ದು ನಿರರ್ಥಕವಾಗಿರಲಿಲ್ಲ. ಸತ್ತವರ ಹೆಸರು, ದಿನಾಂಕ ಮತ್ತು ಕುಟುಂಬ ಸಂಬಂಧಗಳು ಇಷ್ಟು ವಿವರವಾಗಿ ಉಳಿದಿರುವ ಪ್ಲೇಗ್ ಪಿಡುಗುಗಳು ವಿರಳವಾದುದರಿಂದ ವಿಜ್ಞಾನಿಗಳಿಗೂ ಈ ಹಳ್ಳಿ ಮುಖ್ಯವಾಗಿದೆ.

ಪ್ಲೇಗಿನ ನಂತರ

ಹಳ್ಳಿ ನಿಧಾನವಾಗಿ ಚೇತರಿಸಿಕೊಂಡಿತು. ಪಿಡುಗಿನ ಮುಂದಿನ ದಶಕದಲ್ಲಿ ರೈಟ್ ಮನೆತನದವರು ಈಮ್ ಹಾಲ್ ಎಂಬ ದೊಡ್ಡ ಮನೆಯನ್ನು ಕಟ್ಟಿಸಿದರು. 18ನೆಯ ಶತಮಾನದಲ್ಲಿ ರೆಕ್ಟರನಾಗಿದ್ದ ಥಾಮಸ್ ಸೆವರ್ಡ್‌ನ ಮಗಳು ಅನ್ನಾ ಸೆವರ್ಡ್ (1742–1809) ಹುಟ್ಟಿದುದು ಈಮ್‌ನಲ್ಲಿ. ಮುಂದೆ ಲಿಚ್‌ಫೀಲ್ಡ್‌ನಲ್ಲಿ ನೆಲೆಸಿದ ಆಕೆ 'ಲಿಚ್‌ಫೀಲ್ಡ್‌ನ ಹಂಸ' ಎಂದು ಹೆಸರಾದ ಕವಯಿತ್ರಿ. 'ಪೀಕ್ ಪ್ರದೇಶದ ಕವಿ' ಎನಿಸಿದ ರಿಚರ್ಡ್ ಫರ್ನೆಸ್ 1791ರಲ್ಲಿ ಇಲ್ಲಿಯೇ ಜನಿಸಿದ.

ಸೀಸದ ಗಣಿಗಳು ಕ್ಷೀಣಿಸಿದಾಗ ರೇಷ್ಮೆ ನೇಯ್ಗೆ ಮತ್ತು ಪಾದರಕ್ಷೆ ತಯಾರಿಕೆ ಕೆಲವರಿಗೆ ಜೀವನೋಪಾಯ ಒದಗಿಸಿದವು. 20ನೆಯ ಶತಮಾನದಲ್ಲಿ ಹಳೆಯ ಸೀಸದ ಪಟ್ಟಿಗಳಲ್ಲಿಯೇ ದೊರೆಯುವ ಫ್ಲೋರ್‌ಸ್ಪಾರ್ ಖನಿಜವನ್ನು ತೆಗೆಯಲಾಯಿತು. ಹಿಂದಿನ ಗಣಿಗಾರರು ಕಸವೆಂದು ಎಸೆಯುತ್ತಿದ್ದ ಈ ಖನಿಜ ಉಕ್ಕು ಮತ್ತು ರಾಸಾಯನಿಕ ಉದ್ಯಮಗಳಿಗೆ ಅಗತ್ಯವಾಯಿತು. ರೈಲು ಈಮ್‌ಗೆ ಎಂದೂ ಬರಲಿಲ್ಲ. 1951ರಲ್ಲಿ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನವಾಗಿ ಪೀಕ್ ಡಿಸ್ಟ್ರಿಕ್ಟ್ ಘೋಷಣೆಯಾದಾಗ ಹಳ್ಳಿ ಅದರೊಳಗೆ ಸೇರಿತು.

ಸಾಹಿತ್ಯದಲ್ಲಿ

ಪ್ಲೇಗಿನ ಕಥೆ ಹಲವು ಕೃತಿಗಳಿಗೆ ವಸ್ತುವಾಗಿದೆ. ವಿಲಿಯಂ ಮತ್ತು ಮೇರಿ ಹೊವಿಟ್ ದಂಪತಿಗಳ ದೀರ್ಘ ಕವನ 1827ರಲ್ಲಿ ಪ್ರಕಟವಾಯಿತು. ಡಾನ್ ಟೇಲರ್ ರಚಿಸಿದ 'ದಿ ರೋಸಸ್ ಆಫ್ ಈಮ್' ನಾಟಕ 1970ರಲ್ಲಿ ರಂಗಕ್ಕೆ ಬಂದು, ಮುಂದೆ ದೂರದರ್ಶನದಲ್ಲೂ ಪ್ರಸಾರವಾಯಿತು. ಜೆರಾಲ್ಡೀನ್ ಬ್ರೂಕ್ಸ್ ಅವರ 'ಇಯರ್ ಆಫ್ ವಂಡರ್ಸ್' (2001) ಕಾದಂಬರಿಗೂ ಈ ಹಳ್ಳಿಯೇ ಪ್ರೇರಣೆ.

ಇಂದಿನ ಈಮ್

ಪ್ಲೇಗಿನ ಇನ್ನೂರನೆಯ ವರ್ಷವಾದ 1866ರಲ್ಲಿ ಆರಂಭವಾದ ಸ್ಮರಣೆಯ ಪ್ರಾರ್ಥನೆ 'ಪ್ಲೇಗ್ ಭಾನುವಾರ' ಎಂಬ ಹೆಸರಿನಲ್ಲಿ ಆಗಸ್ಟ್ ತಿಂಗಳ ಕೊನೆಯ ಭಾನುವಾರ ಕುಕ್ಲೆಟ್ ಡೆಲ್ಫ್‌ನಲ್ಲಿ ನಡೆಯುತ್ತದೆ. ಡರ್ಬಿಶೈರಿನ ಸಂಪ್ರದಾಯದಂತೆ ಊರಿನ ಬಾವಿಗಳನ್ನು ಹೂವಿನ ದಳಗಳ ಚಿತ್ರಗಳಿಂದ ಅಲಂಕರಿಸುವ ಹಬ್ಬವೂ ಬೇಸಗೆಯಲ್ಲಿ ಜರುಗುತ್ತದೆ. 2020ರಲ್ಲಿ ಕೋವಿಡ್ ಪಿಡುಗಿನಿಂದ ಜಗತ್ತು ಮನೆಗಳಲ್ಲಿ ಉಳಿಯಬೇಕಾದಾಗ ಈಮ್‌ನ ಹೆಸರು ಮತ್ತೆ ಎಲ್ಲೆಡೆ ಕೇಳಿಬಂದಿತು.

ಹಳ್ಳಿಯಲ್ಲಿರುವ ಮುಖ್ಯ ಸ್ಥಳಗಳು ಇವು:

• ಸಂತ ಲಾರೆನ್ಸ್ ಚರ್ಚು: ಇಲ್ಲಿ ಪ್ಲೇಗಿನ ಕಥೆಯನ್ನು ಚಿತ್ರಿಸುವ ವರ್ಣಗಾಜಿನ ಕಿಟಕಿಯೂ ಮಾಂಪೆಸನ್ನನದೆಂದು ಹೇಳಲಾಗುವ ಕುರ್ಚಿಯೂ ಇವೆ. ಸ್ಯಾಕ್ಸನ್ ಶಿಲುಬೆ ಮತ್ತು ಕ್ಯಾಥರೀನಳ ಸಮಾಧಿ ಅಂಗಳದಲ್ಲಿವೆ.
• ಪ್ಲೇಗ್ ಮನೆಗಳು: ಚರ್ಚಿನ ಪಕ್ಕದ ಸಾಲಿನಲ್ಲಿರುವ, ರೋಗ ಮೊದಲು ಕಾಣಿಸಿಕೊಂಡ ಮನೆಗಳು. ಯಾವ ಮನೆಯಲ್ಲಿ ಯಾರು ಸತ್ತರೆಂಬುದನ್ನು ಫಲಕಗಳಲ್ಲಿ ಬರೆಯಲಾಗಿದೆ. ಇವುಗಳಲ್ಲಿ ಈಗಲೂ ಜನ ವಾಸವಾಗಿದ್ದಾರೆ.
• ಗಡಿಕಲ್ಲು: ಸ್ಟೋನಿ ಮಿಡಲ್‌ಟನ್‌ಗೆ ಹೋಗುವ ಕಾಲುದಾರಿಯಲ್ಲಿದೆ. ಸಂದರ್ಶಕರು ಇಂದಿಗೂ ಅದರ ಕುಳಿಗಳಲ್ಲಿ ನಾಣ್ಯಗಳನ್ನು ಇಟ್ಟು ಹೋಗುತ್ತಾರೆ.
• ಮಾಂಪೆಸನ್ ಬಾವಿ: ಊರಿನ ಉತ್ತರಕ್ಕೆ ಬಯಲಿನ ಅಂಚಿನಲ್ಲಿದೆ.
• ರೈಲಿ ಗ್ರೇವ್ಸ್: ಹ್ಯಾನ್‌ಕಾಕ್ ಕುಟುಂಬದ ಏಳು ಮಂದಿಯ ಸಮಾಧಿಗಳು. ಸುತ್ತಲೂ ವೃತ್ತಾಕಾರದ ಕಲ್ಲಿನ ಗೋಡೆಯಿದೆ.
• ಈಮ್ ವಸ್ತುಸಂಗ್ರಹಾಲಯ: 1994ರಲ್ಲಿ ಆರಂಭವಾದುದು. ಸ್ಥಳೀಯ ಇತಿಹಾಸಕಾರ ಕ್ಲಾರೆನ್ಸ್ ಡ್ಯಾನಿಯಲ್ ಅವರ ಸಂಗ್ರಹ ಇದಕ್ಕೆ ಆಧಾರ.